ಶುಶ್ರೂಷಾ ವಿದ್ಯಾರ್ಥಿಗಳು ಮತ್ತು ಮಾನಸಿಕ ಒತ್ತಡ

ರಾಜ್ಯದಲ್ಲಿ ಪ್ರತಿ ವರ್ಷ ದ್ವಿತೀಯ ಪಿ.ಯು.ಸಿ. ಮುಗಿಸಿದ ಸಾವಿರಾರು ಯುವಕ ಯುವತಿಯರು ಶುಶ್ರೂಷಾ ಶಿಕ್ಷಣಕ್ಕೆ ಪ್ರವೇಶ ಪಡೆಯುತ್ತಾರೆ. ಇವರಲ್ಲಿ ಕೆಲವರು ಎರಡು ವರ್ಷಗಳ ಎ.ಎನ್.ಎಂ. ತರಬೇತಿಗೂ, ಹೆಚ್ಚಿನವರು ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಗೂ ಸೇರುತ್ತಾರೆ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಹದಿನೇಳು ವರ್ಷ ತುಂಬಿದವರು ಈ ತರಬೇತಿಗೆ ಅರ್ಹರು. ಅದೇ ವಯಸ್ಸಿನ ಇತರ ವಿದ್ಯಾರ್ಥಿಗಳು ಪದವಿ ಕಾಲೇಜಿನ ತರಗತಿಯಲ್ಲಿ ಕುಳಿತಿರುವಾಗ ಶುಶ್ರೂಷಾ ವಿದ್ಯಾರ್ಥಿನಿಯು ಬಿಳಿಯ ಸಮವಸ್ತ್ರ ಧರಿಸಿ ಹಾಸಿಗೆ ಹಿಡಿದ ರೋಗಿಯ ಬೆನ್ನಿನ ಹುಣ್ಣನ್ನು ಶುಚಿಗೊಳಿಸುತ್ತಿರುತ್ತಾಳೆ. ಈ ಒಂದು ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡರೆ ಶುಶ್ರೂಷಾ ವಿದ್ಯಾರ್ಥಿಗಳ ಮಾನಸಿಕ ಒತ್ತಡವನ್ನು ಕೇವಲ ಪರೀಕ್ಷಾ ಭಯವೆಂದು ತಳ್ಳಿಹಾಕಲು ಸಾಧ್ಯವಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಈ ಒತ್ತಡದ ಸ್ವರೂಪವೇನು, ಅದು ಎಲ್ಲಿಂದ ಹುಟ್ಟುತ್ತದೆ, ಅದನ್ನು ನಿಭಾಯಿಸಲು ವಿದ್ಯಾರ್ಥಿಗಳು, ಬೋಧಕರು ಮತ್ತು ಪೋಷಕರು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ವಿದ್ಯಾರ್ಥಿನಿಯರ ಸಂಖ್ಯೆಯೇ ಅಧಿಕವಾಗಿರುವುದರಿಂದ ಬಹುತೇಕ ಕಡೆ ವಿದ್ಯಾರ್ಥಿನಿ ಎಂಬ ಪದವನ್ನು ಬಳಸಲಾಗಿದೆ. ಪುರುಷ ವಿದ್ಯಾರ್ಥಿಗಳಿಗೂ ಇಲ್ಲಿನ ಮಾಹಿತಿ ಸಮಾನವಾಗಿ ಅನ್ವಯಿಸುತ್ತದೆ.

ಒತ್ತಡ ಎಂದರೇನು?

ಹೊರಗಿನ ಬೇಡಿಕೆಯು ತನ್ನ ಶಕ್ತಿಗೆ ಮೀರಿದ್ದು ಎಂದು ಮನಸ್ಸಿಗೆ ತೋರಿದಾಗ ದೇಹ ಮತ್ತು ಮನಸ್ಸುಗಳಲ್ಲಿ ಉಂಟಾಗುವ ಪ್ರತಿಕ್ರಿಯೆಯನ್ನು ಒತ್ತಡ ಎನ್ನಲಾಗುತ್ತದೆ. ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ ಕಿರು ಪ್ರಬಂಧವೊಂದು ಈ ವಿಷಯದ ಆಧುನಿಕ ಅಧ್ಯಯನಕ್ಕೆ ನಾಂದಿಯಾಯಿತು. ಆತನ ವಿವರಣೆಯ ಪ್ರಕಾರ ದೇಹವು ಮೊದಲು ಎಚ್ಚೆತ್ತುಕೊಳ್ಳುತ್ತದೆ, ನಂತರ ಪ್ರತಿರೋಧಿಸುತ್ತದೆ, ಬೇಡಿಕೆ ನಿಲ್ಲದೇ ಹೋದರೆ ಕೊನೆಗೆ ಬಳಲಿ ಬೀಳುತ್ತದೆ. ಎಚ್ಚರದ ಹಂತದಲ್ಲಿ ಅಡ್ರಿನಲಿನ್ ಸ್ರವಿಸಿ ಹೃದಯ ಬಡಿತ ಹೆಚ್ಚುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಒತ್ತಡ ಮುಂದುವರಿದರೆ ಕಾರ್ಟಿಸಾಲ್ ಮಟ್ಟ ಏರಿ ನಿದ್ರೆ, ಹಸಿವು ಮತ್ತು ಜ್ಞಾಪಕಶಕ್ತಿಯ ಮೇಲೆ ಪರಿಣಾಮ ಬೀರುತ್ತದೆ.

ಇದನ್ನೆಲ್ಲ ಶುಶ್ರೂಷಾ ವಿದ್ಯಾರ್ಥಿನಿಯು ಮೊದಲ ವರ್ಷದ ಶರೀರಕ್ರಿಯಾ ಶಾಸ್ತ್ರದಲ್ಲಿಯೇ ಓದಿರುತ್ತಾಳೆ. ರೋಗಿಯ ನಾಡಿ ನಿಮಿಷಕ್ಕೆ 110 ಇದ್ದರೆ ತಕ್ಷಣ ಚಾರ್ಟಿನಲ್ಲಿ ಬರೆಯುವ ಆಕೆ, ವಾರ್ಡಿನ ಬಾಗಿಲಲ್ಲಿ ತನ್ನ ನಾಡಿಯೇ ಅಷ್ಟಕ್ಕೆ ಏರಿರುವುದನ್ನು ಗಮನಿಸುವುದಿಲ್ಲ.

ಅಲ್ಪ ಪ್ರಮಾಣದ ಒತ್ತಡ ಹಾನಿಕರವಲ್ಲ. ಮೊದಲ ಬಾರಿ ಚುಚ್ಚುಮದ್ದು ನೀಡುವಾಗಿನ ಅಳುಕು ಕೈಯನ್ನು ಎಚ್ಚರಿಕೆಯಿಂದ ನಡೆಸುತ್ತದೆ. ವಾರಗಟ್ಟಲೆ ಇಳಿಯದೆ ಉಳಿದುಬಿಡುವ ಒತ್ತಡವೇ ಸಮಸ್ಯೆಯ ಮೂಲ.

ಒತ್ತಡದ ಮೂಲಗಳು

ಜಿ.ಎನ್.ಎಂ. ತರಬೇತಿಗೆ ಕಲಾ ಮತ್ತು ವಾಣಿಜ್ಯ ವಿಭಾಗದಲ್ಲಿ ಪಿ.ಯು.ಸಿ. ಓದಿದವರೂ ಸೇರಬಹುದು. ಗ್ರಾಮಾಂತರ ಪ್ರದೇಶದಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿನಿಗೆ ಅಂಗರಚನಾ ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ, ಮನಃಶಾಸ್ತ್ರ ಮತ್ತು ಪೌಷ್ಟಿಕತೆ ಎಲ್ಲವೂ ಒಟ್ಟಿಗೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ವಿಷಯ ಅರ್ಥವಾಗಿಲ್ಲವೋ ಭಾಷೆ ಅರ್ಥವಾಗಿಲ್ಲವೋ ಎಂಬುದೇ ತಿಳಿಯದಿರುವುದು ಈ ಹಂತದ ಮುಖ್ಯ ತೊಡಕು. ಇದಕ್ಕೆ ತದ್ವಿರುದ್ಧವಾದ ತೊಡಕು ಬೆಂಗಳೂರು, ಮಂಗಳೂರಿನಂತಹ ನಗರಗಳಲ್ಲಿ ಕಂಡುಬರುತ್ತದೆ. ಅಲ್ಲಿಗೆ ಕೇರಳ ಮತ್ತು ಈಶಾನ್ಯ ರಾಜ್ಯಗಳಿಂದ ಬರುವ ವಿದ್ಯಾರ್ಥಿಗಳಿಗೆ ಪುಸ್ತಕದ ಭಾಷೆ ಅಷ್ಟಾಗಿ ಬಾಧಿಸದು. ಆದರೆ ಹಾಸಿಗೆಯ ಮೇಲಿರುವ ಅಜ್ಜಿ ‘ಎದೆ ಹಿಡ್ಕೊಂಡಂಗೆ ಆಗ್ತದೆ’ ಎಂದರೆ ಅದರ ಗಾಂಭೀರ್ಯ ತಿಳಿಯದೆ ಅವರು ಕಂಗಾಲಾಗುತ್ತಾರೆ.

ಎರಡನೆಯ ಮೂಲ, ವಾರ್ಡಿನಲ್ಲಿ ವಿದ್ಯಾರ್ಥಿನಿಗೆ ಇರುವ ಅಸ್ಪಷ್ಟ ಸ್ಥಾನ. ಆಕೆ ಸಂಸ್ಥೆಯ ಲೆಕ್ಕದಲ್ಲಿ ಕಲಿಯಲು ಬಂದವಳು, ರೋಗಿಯ ಬಂಧುಗಳ ಕಣ್ಣಿಗೆ ‘ಸಿಸ್ಟರ್’, ಸಿಬ್ಬಂದಿ ಕೊರತೆಯಿರುವ ವಾರ್ಡಿಗೆ ಸಿಕ್ಕ ಹೆಚ್ಚುವರಿ ಕೈ. ಸಲೈನ್ ಬಾಟಲಿ ಮುಗಿದರೂ, ವೈದ್ಯರು ಬರಲು ತಡವಾದರೂ ಬೈಗುಳ ಮೊದಲು ತಲುಪುವುದು ಹತ್ತಿರ ನಿಂತ ವಿದ್ಯಾರ್ಥಿನಿಗೆ. ಆಕೆಗೆ ಉತ್ತರ ಹೇಳುವ ಅಧಿಕಾರವೂ ಇಲ್ಲ, ಅಲ್ಲಿಂದ ಸರಿದುಹೋಗುವ ಅವಕಾಶವೂ ಇಲ್ಲ.

ಮೂರನೆಯದಾಗಿ, ತರಗತಿಯಲ್ಲಿ ಕಲಿಸಿದ ಕ್ರಮಕ್ಕೂ ವಾರ್ಡಿನಲ್ಲಿ ನಡೆಯುವ ಕ್ರಮಕ್ಕೂ ಇರುವ ಅಂತರ. ಪ್ರಯೋಗಾಲಯದ ಗೊಂಬೆಯ ಮೇಲೆ ಒಂದು ಡ್ರೆಸ್ಸಿಂಗ್‌ಗೆ ಇಪ್ಪತ್ತು ನಿಮಿಷ ನೀಡಿ ಕಲಿಸಲಾಗಿರುತ್ತದೆ. ವಾರ್ಡಿನಲ್ಲಿ ಅದೇ ಇಪ್ಪತ್ತು ನಿಮಿಷದಲ್ಲಿ ಐದು ಡ್ರೆಸ್ಸಿಂಗ್ ಮುಗಿಯಬೇಕಾಗಿರುತ್ತದೆ. ಅಮೆರಿಕದ ಶುಶ್ರೂಷಾ ತಜ್ಞೆ ಮಾರ್ಲಿನ್ ಕ್ರೇಮರ್ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಸ ದಾದಿಯರಿಗೆ ಆಗುವ ಈ ಆಘಾತವನ್ನು ‘ರಿಯಾಲಿಟಿ ಶಾಕ್’ ಎಂದು ಕರೆದರು. ಕಲಿತದ್ದು ಸುಳ್ಳೋ, ಕಾಣುತ್ತಿರುವುದು ತಪ್ಪೋ ಎಂಬ ಗೊಂದಲದಲ್ಲಿ ಸೂಕ್ಷ್ಮ ಮನಸ್ಸಿನ ವಿದ್ಯಾರ್ಥಿಗಳೇ ಹೆಚ್ಚು ನೋಯುತ್ತಾರೆ. ಕೈ ತೊಳೆಯುವುದು, ರೋಗಿಯ ಗುರುತು ಖಚಿತಪಡಿಸಿಕೊಳ್ಳುವುದು, ಸೂಜಿಯನ್ನು ಮರುಮುಚ್ಚದಿರುವುದು ಇವು ಎಷ್ಟೇ ಅವಸರದಲ್ಲೂ ಬಿಡಬಾರದ ಅಂಶಗಳು. ಉಳಿದ ಕ್ರಮಗಳಲ್ಲಿ ಅನುಭವಿ ದಾದಿಯರ ವೇಗವು ಅಭ್ಯಾಸದಿಂದ ಬಂದದ್ದೇ ಹೊರತು ಎಲ್ಲ ಸಂದರ್ಭದಲ್ಲೂ ಅಲಕ್ಷ್ಯದಿಂದ ಬಂದದ್ದಲ್ಲ. ಈ ವಿವೇಚನೆಯನ್ನು ಬೋಧಕರು ಮೊದಲ ತಿಂಗಳಲ್ಲಿಯೇ ತಿಳಿಹೇಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಶುಲ್ಕಕ್ಕಾಗಿ ಮಾಡಿದ ಸಾಲ, ಹಾಸ್ಟೆಲಿನ ಊಟ, ಮನೆಯ ನೆನಪು, ಮದುವೆಯ ಮಾತು ಮುಂತಾದವು ಈ ವಯಸ್ಸಿನ ಎಲ್ಲ ವಿದ್ಯಾರ್ಥಿಗಳಿಗೂ ಇರುವಂತಹವು. ಅವುಗಳ ವಿವರಣೆ ಇಲ್ಲಿ ಅನಗತ್ಯ.

ಮೊದಲ ಸಾವು

ಶುಶ್ರೂಷಾ ಶಿಕ್ಷಣದಲ್ಲಿ ಪಠ್ಯಕ್ರಮಕ್ಕೆ ಸೇರದ, ಆದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಎದುರಿಸುವ ಘಟನೆಯೆಂದರೆ ತನ್ನ ಆರೈಕೆಯಲ್ಲಿದ್ದ ರೋಗಿಯ ಮೊದಲ ಸಾವು. ನಿನ್ನೆ ಬೆಳಿಗ್ಗೆ ಬಿ.ಪಿ. ನೋಡುವಾಗ ತನ್ನ ಊರು ಯಾವುದೆಂದು ವಿಚಾರಿಸಿದ್ದ ವ್ಯಕ್ತಿಯ ಹಾಸಿಗೆ ಇಂದು ಖಾಲಿಯಾಗಿರುತ್ತದೆ. ಹಲವೊಮ್ಮೆ ದೇಹವನ್ನು ಶುಚಿಗೊಳಿಸಿ, ಕಣ್ಣು ಮುಚ್ಚಿ, ಗಲ್ಲ ಕಟ್ಟಿ, ಗುರುತಿನ ಚೀಟಿ ಅಂಟಿಸುವ ಕೆಲಸವೂ ಆಕೆಯ ಪಾಲಿಗೇ ಬರುತ್ತದೆ. ಹೊರಗೆ ಬಂಧುಗಳ ರೋದನ, ಒಳಗೆ ಪಕ್ಕದ ಹಾಸಿಗೆಯ ರೋಗಿಗೆ ಹತ್ತು ಗಂಟೆಯ ಔಷಧ ಕೊಡಬೇಕಾದ ಕರ್ತವ್ಯ. ಅಂದಿನ ಪಾಳಿ ಮುಗಿಯುವ ವೇಳೆಗೆ ಆಕೆಯನ್ನು ಈ ಬಗ್ಗೆ ಯಾರೂ ಕೇಳಿರುವುದಿಲ್ಲ.

ಬ್ರಿಟನ್ನಿನ ಮನೋವಿಶ್ಲೇಷಕಿ ಇಸಬೆಲ್ ಮೆಂಜಿಸ್ ಅವರು ಲಂಡನ್ನಿನ ಬೋಧನಾ ಆಸ್ಪತ್ರೆಯೊಂದರಲ್ಲಿ ನಡೆಸಿ 1960ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮೌನಕ್ಕೆ ಕಾರಣ ಹುಡುಕಿತು. ಅಲ್ಲಿ ವಿದ್ಯಾರ್ಥಿನಿಯರನ್ನು ಆಗಾಗ್ಗೆ ವಾರ್ಡಿನಿಂದ ವಾರ್ಡಿಗೆ ಬದಲಾಯಿಸಲಾಗುತ್ತಿತ್ತು. ಒಬ್ಬ ರೋಗಿಯ ಸಂಪೂರ್ಣ ಆರೈಕೆಯ ಬದಲು ಎಲ್ಲರಿಗೂ ತಾಪಮಾನ ನೋಡುವುದು, ಎಲ್ಲರಿಗೂ ಹಾಸಿಗೆ ಹಾಕುವುದು ಎಂಬಂತೆ ಕೆಲಸವನ್ನು ತುಂಡರಿಸಲಾಗುತ್ತಿತ್ತು. ರೋಗಿಯನ್ನು ಹೆಸರಿನ ಬದಲು ಹಾಸಿಗೆಯ ಸಂಖ್ಯೆಯಿಂದಲೋ ರೋಗದ ಹೆಸರಿನಿಂದಲೋ ಗುರುತಿಸಲಾಗುತ್ತಿತ್ತು. ನೋವು ಮತ್ತು ಸಾವಿನ ಸಾಮೀಪ್ಯದಿಂದ ಹುಟ್ಟುವ ಆತಂಕವನ್ನು ಅನುಭವಿಸದಿರಲು ಆಸ್ಪತ್ರೆಯ ವ್ಯವಸ್ಥೆಯೇ ಕಟ್ಟಿಕೊಂಡ ಗೋಡೆಗಳಿವು ಎಂದು ಮೆಂಜಿಸ್ ಅಭಿಪ್ರಾಯಪಟ್ಟರು. ಈ ಗೋಡೆಗಳು ಆತಂಕವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದವು. ಸುಮಾರು ಮೂರನೆಯ ಒಂದು ಭಾಗದಷ್ಟು ವಿದ್ಯಾರ್ಥಿನಿಯರು ತರಬೇತಿಯನ್ನು ಅರ್ಧಕ್ಕೆ ಬಿಡುತ್ತಿದ್ದರು. ‘ಹನ್ನೆರಡನೇ ಬೆಡ್ಡಿನ ಲಿವರ್ ಕೇಸ್’ ಎಂಬ ಮಾತನ್ನು ಇಂದಿಗೂ ಕೇಳುತ್ತಿರುವ ಯಾರಿಗೂ ಈ ಅಧ್ಯಯನ ಹಳತೆನಿಸಲಾರದು.

ಆದ್ದರಿಂದ ರೋಗಿಯ ಮರಣದಿಂದ ಕಣ್ಣೀರು ಬಂದರೆ ಅದನ್ನು ದೌರ್ಬಲ್ಯವೆಂದು ಭಾವಿಸಬೇಕಾಗಿಲ್ಲ. ಕೆಲವರಿಗೆ ಕಣ್ಣೀರು ಬಾರದೆ ಏನೂ ಅನಿಸದಿರಬಹುದು. ಅದು ಕಲ್ಲು ಹೃದಯದ ಲಕ್ಷಣವಲ್ಲ, ಮನಸ್ಸು ತಾತ್ಕಾಲಿಕವಾಗಿ ತನ್ನನ್ನು ರಕ್ಷಿಸಿಕೊಳ್ಳುವ ಬಗೆ. ಮುಂದಿನ ಕೆಲವು ದಿನ ಆ ದೃಶ್ಯ ಮರುಕಳಿಸುವುದು, ಆ ಹಾಸಿಗೆಯ ಬಳಿ ಹೋಗಲು ಹಿಂಜರಿಯುವುದು, ಊಟ ಸೇರದಿರುವುದು ಸಹಜ.

ಇಂತಹ ಸಂದರ್ಭದಲ್ಲಿ ಕ್ಲಿನಿಕಲ್ ಬೋಧಕರು ಅದೇ ಪಾಳಿಯೊಳಗೆ ಹತ್ತು ನಿಮಿಷ ವಿದ್ಯಾರ್ಥಿನಿಯನ್ನು ಪ್ರತ್ಯೇಕವಾಗಿ ಕೂರಿಸಿ ಮಾತನಾಡಿಸುವುದು ಅತ್ಯಂತ ಉಪಯುಕ್ತ. ಏನು ನಡೆಯಿತು, ಯಾವ ಚಿಕಿತ್ಸೆ ನೀಡಲಾಯಿತು, ಮರಣಕ್ಕೆ ವೈದ್ಯಕೀಯ ಕಾರಣವೇನು ಎಂಬುದನ್ನು ಸರಳವಾಗಿ ತಿಳಿಸಬೇಕು. ಬಹುಪಾಲು ವಿದ್ಯಾರ್ಥಿಗಳ ಮನಸ್ಸಿನಲ್ಲಿ, ಹೇಳದೆ ಉಳಿಯುವ ಪ್ರಶ್ನೆ ಒಂದೇ: ‘ನನ್ನಿಂದ ಏನಾದರೂ ತಪ್ಪಾಯಿತೆ?’ ಬೆಳಿಗ್ಗೆ ಬಿ.ಪಿ. ದಾಖಲಿಸಿದ್ದು ತಾನೇ ಆದ್ದರಿಂದ ತಾನೇ ಏನನ್ನೋ ಗಮನಿಸದೆ ಹೋದೆ ಎಂದು ಆಕೆ ರಾತ್ರಿಯಿಡೀ ಲೆಕ್ಕ ಹಾಕುತ್ತಿರುತ್ತಾಳೆ. ಈ ಪ್ರಶ್ನೆಗೆ ಚಾರ್ಟನ್ನು ಮುಂದಿಟ್ಟು ನೇರವಾಗಿ ಉತ್ತರಿಸಬೇಕು. ‘ಇದೆಲ್ಲ ಅಭ್ಯಾಸವಾಗುತ್ತದೆ ಬಿಡು’ ಎಂಬ ಸಮಾಧಾನದಿಂದ ಪ್ರಶ್ನೆ ಅಳಿಯುವುದಿಲ್ಲ. ಬೋಧಕರು ಲಭ್ಯವಿಲ್ಲದಿದ್ದಲ್ಲಿ ವಿದ್ಯಾರ್ಥಿನಿಯೇ ಹಿರಿಯ ವಿದ್ಯಾರ್ಥಿನಿಯ ಅಥವಾ ಪಾಳಿಯ ಶುಶ್ರೂಷಾಧಿಕಾರಿಯ ಬಳಿ ಕೇಳಬಹುದು. ಕೇಳಿದರೆ ನಗುತ್ತಾರೆ ಎಂಬ ಭಯ ಸಾಮಾನ್ಯವಾಗಿ ಸುಳ್ಳಾಗುತ್ತದೆ. ಎಷ್ಟೋ ಹಿರಿಯ ದಾದಿಯರಿಗೆ ತಾವು ಕಂಡ ಮೊದಲ ಸಾವಿನ ರೋಗಿಯ ಹೆಸರು ನಿವೃತ್ತಿಯ ನಂತರವೂ ನೆನಪಿರುತ್ತದೆ.

ತಪ್ಪಿನ ಭಯ

ಔಷಧ ನೀಡುವಲ್ಲಿ ತಪ್ಪಾಗಬಹುದೆಂಬ ಭಯವು ನ್ಯಾಯವಾದುದು. ಅದನ್ನು ಹೋಗಲಾಡಿಸುವ ಅಗತ್ಯವಿಲ್ಲ, ಕ್ರಮಬದ್ಧ ಅಭ್ಯಾಸವಾಗಿ ಪರಿವರ್ತಿಸುವ ಅಗತ್ಯವಿದೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಅಂಶಗಳನ್ನು ಪ್ರತಿ ಬಾರಿಯೂ ಬಾಯಲ್ಲಿ ಹೇಳಿಕೊಳ್ಳುವುದು ಆತಂಕದ ಕ್ಷಣದಲ್ಲಿ ನೆನಪಿನ ಮೇಲಿನ ಹೊರೆಯನ್ನು ಇಳಿಸುತ್ತದೆ.

ಪ್ರಮಾಣದ ಲೆಕ್ಕವು ಅನೇಕರಿಗೆ ದುಃಸ್ವಪ್ನವಾಗಿದೆ. ಉದಾಹರಣೆಗೆ 2 ಮಿ.ಲೀ.ನಲ್ಲಿ 80 ಮಿ.ಗ್ರಾಂ. ಜೆಂಟಮೈಸಿನ್ ಇದ್ದು, ವೈದ್ಯರ ಸೂಚನೆ 60 ಮಿ.ಗ್ರಾಂ. ಆಗಿದ್ದರೆ, 60ನ್ನು 80ರಿಂದ ಭಾಗಿಸಿ 2ರಿಂದ ಗುಣಿಸಿದಾಗ 1.5 ಮಿ.ಲೀ. ದೊರೆಯುತ್ತದೆ. ಶಾಂತವಾಗಿರುವಾಗ ಇದು ಏಳನೆಯ ತರಗತಿಯ ಲೆಕ್ಕ. ಹಿಂದೆ ನಿಂತು ಯಾರಾದರೂ ಅವಸರಿಸುತ್ತಿದ್ದರೆ ಇದೇ ಲೆಕ್ಕದಲ್ಲಿ ದಶಮಾಂಶ ಚಿಹ್ನೆ ಸ್ಥಾನ ಪಲ್ಲಟಗೊಂಡು ಪ್ರಮಾಣ ಹತ್ತು ಪಟ್ಟಾಗುತ್ತದೆ. ಪ್ರತಿದಿನ ರಾತ್ರಿ ಇಂತಹ ಐದು ಲೆಕ್ಕಗಳನ್ನು ಎರಡು ತಿಂಗಳ ಕಾಲ ಮಾಡಿದವರಿಗೆ ವಾರ್ಡಿನಲ್ಲಿ ಬೆರಳುಗಳೇ ಉತ್ತರ ನೀಡುತ್ತವೆ. ಆದರೂ ಸಂಶಯ ಬಂದಲ್ಲಿ ಔಷಧವನ್ನು ನೀಡದೆ ಕೇಳತಕ್ಕದ್ದು. ಕೇಳಿದ್ದಕ್ಕೆ ಬೈಸಿಕೊಳ್ಳುವುದು ಆ ದಿನಕ್ಕೆ ಮುಗಿಯುತ್ತದೆ.

ತಪ್ಪು ನಡೆದೇ ಹೋದಲ್ಲಿ ಮರೆಮಾಚದೆ ತಕ್ಷಣ ತಿಳಿಸುವುದೇ ರೋಗಿಗೂ ವಿದ್ಯಾರ್ಥಿನಿಗೂ ಕ್ಷೇಮ. ಮರೆಮಾಚಿದ ತಪ್ಪು ಒತ್ತಡದ ಅತ್ಯಂತ ಕ್ರೂರ ರೂಪವಾಗಿ ಪರಿಣಮಿಸುತ್ತದೆ.

ಇದಕ್ಕೆ ಸ್ಪಷ್ಟ ನಿದರ್ಶನ ಸೂಜಿ ಚುಚ್ಚಿಕೊಳ್ಳುವ ಅಪಘಾತ. ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಟ್ಟು, ತಿಂಗಳುಗಟ್ಟಲೆ ಎಚ್.ಐ.ವಿ. ಭಯದಲ್ಲಿ ನಿದ್ರೆಗೆಡುವ ವಿದ್ಯಾರ್ಥಿಗಳಿದ್ದಾರೆ. ಎಚ್.ಐ.ವಿ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3, ಅಂದರೆ ಸಾವಿರದಲ್ಲಿ ಮೂರು. ಗಾಯವನ್ನು ಹಿಂಡದೆ, ಬೆರಳನ್ನು ಬಾಯಿಗೆ ಹಾಕದೆ, ಸೋಪು ಮತ್ತು ಹರಿಯುವ ನೀರಿನಿಂದ ತೊಳೆದು ಕೂಡಲೇ ವರದಿ ಮಾಡಬೇಕು. ಅಗತ್ಯವಿದ್ದಲ್ಲಿ ನೀಡುವ ಪ್ರತಿಬಂಧಕ ಔಷಧವನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಯಾವುದೇ ಸಂದರ್ಭದಲ್ಲೂ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕಾಗುತ್ತದೆ. ಮುಚ್ಚಿಟ್ಟರೆ ಕಳೆದುಹೋಗುವುದು ಈ 72 ಗಂಟೆಗಳೇ. ಲಸಿಕೆ ಪಡೆಯದವರಿಗೆ ಎಚ್.ಐ.ವಿ.ಗಿಂತ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಹಲವು ಪಟ್ಟು ಅಧಿಕ. ಆರಂಭದಲ್ಲಿ, ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ಹೀಗೆ ಮೂರು ಡೋಸ್ ಲಸಿಕೆಯನ್ನು ಮೊದಲ ವರ್ಷದಲ್ಲಿಯೇ ಪೂರ್ಣಗೊಳಿಸಿಕೊಂಡಲ್ಲಿ ಆ ಚಿಂತೆಯೂ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ರಾತ್ರಿ ಪಾಳಿ, ನಿದ್ರೆ ಮತ್ತು ಆಹಾರ

ಮಾನವನ ದೇಹದ ಉಷ್ಣತೆ ಮತ್ತು ಎಚ್ಚರ ನಸುಕಿನ ಮೂರರಿಂದ ಐದು ಗಂಟೆಯ ನಡುವೆ ಅತಿ ಕೆಳಮಟ್ಟಕ್ಕೆ ಇಳಿಯುತ್ತವೆ. ಆ ವೇಳೆಯಲ್ಲಿ ಮನಸ್ಸು ಕುಗ್ಗುವುದು, ಎಲ್ಲವನ್ನೂ ಬಿಟ್ಟು ಊರಿಗೆ ಹೋಗಬೇಕೆನಿಸುವುದು ಬಹುಮಟ್ಟಿಗೆ ಶಾರೀರಿಕ ಕಾರಣದಿಂದ. ತರಬೇತಿ ಬಿಡುವಂತಹ ನಿರ್ಧಾರಗಳನ್ನು ಆ ಗಳಿಗೆಯಲ್ಲಿ ತೆಗೆದುಕೊಳ್ಳಬಾರದು.

ರಾತ್ರಿ ಪಾಳಿಗೆ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆಯಷ್ಟು ಮಲಗುವುದು, ಚಹಾ ಕಾಫಿಯನ್ನು ಪಾಳಿಯ ಮೊದಲರ್ಧಕ್ಕೆ ಸೀಮಿತಗೊಳಿಸುವುದು, ಬೆಳಿಗ್ಗೆ ತಿಂಡಿ ತಿಂದು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗುವುದು ಉಪಯುಕ್ತ. ಇವು ಹೇಳಲು ಸುಲಭ. ಹತ್ತು ಜನರಿರುವ ಹಾಸ್ಟೆಲ್ ಕೊಠಡಿಯಲ್ಲಿ ಬಕೆಟ್ಟಿನ ಸದ್ದು, ಮೊಬೈಲ್ ಮಾತುಗಳ ನಡುವೆ ಹಗಲು ನಿದ್ರೆ ಬರುವುದು ದುಸ್ತರ. ರಾತ್ರಿ ಪಾಳಿಯಲ್ಲಿರುವವರಿಗೆ ಒಂದು ಪ್ರತ್ಯೇಕ ಕೊಠಡಿಯನ್ನು ಮೀಸಲಿಡುವುದು ವಾರ್ಡನ್ ಅವರಿಂದ ವೆಚ್ಚವಿಲ್ಲದೆ ಆಗಬಹುದಾದ ಕೆಲಸ. ರಾತ್ರಿ ಪಾಳಿ ಮುಗಿಸಿದ ವಿದ್ಯಾರ್ಥಿಯನ್ನು ಅದೇ ಬೆಳಿಗ್ಗೆ ತರಗತಿಯಲ್ಲಿ ಕೂರಿಸುವ ಪದ್ಧತಿ ಎಲ್ಲಿಯಾದರೂ ಇದ್ದಲ್ಲಿ ಅದರಿಂದ ಹಾಜರಾತಿ ಪುಸ್ತಕಕ್ಕೆ ಮಾತ್ರ ಪ್ರಯೋಜನ.

ಸದಾ ಆಯಾಸ, ಏಕಾಗ್ರತೆಯ ಕೊರತೆ, ಮೆಟ್ಟಿಲು ಹತ್ತಿದರೆ ಏದುಸಿರು ಇವು ಒತ್ತಡದ ಲಕ್ಷಣಗಳಂತೆಯೇ ರಕ್ತಹೀನತೆಯ ಲಕ್ಷಣಗಳೂ ಹೌದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಶುಶ್ರೂಷಾ ವಿದ್ಯಾರ್ಥಿನಿಯರೂ ಇದೇ ವಯೋಮಾನದವರು. ಬೆಳಗಿನ ಪಾಳಿಗಾಗಿ ತಿಂಡಿ ಬಿಡುವವರೂ ಹೆಚ್ಚಾಗಿ ಇವರೇ. ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ‘ನನಗೆ ಓದಲು ಆಗುತ್ತಿಲ್ಲ, ನಾನು ದಡ್ಡಿ’ ಎಂದು ಅಳುವ ವಿದ್ಯಾರ್ಥಿನಿಗೆ ಆಪ್ತ ಸಮಾಲೋಚನೆಯ ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯಿಡ್ ಪರೀಕ್ಷೆಯನ್ನೂ ಮಾಡಿಸುವುದು ಸೂಕ್ತ.

ಓದು ಮತ್ತು ದಾಖಲೆ ಪುಸ್ತಕ

ಪರೀಕ್ಷೆಗೆ ಕೂರಲು ಪ್ರತಿ ವಿಷಯದ ತರಗತಿ ಹಾಗೂ ಪ್ರಾಯೋಗಿಕ ತರಬೇತಿಯಲ್ಲಿ ಶೇ. 80 ಹಾಜರಾತಿ ಇರಬೇಕು. ಡಿಪ್ಲೊಮಾ ಪಡೆಯುವ ಮುನ್ನ ಪ್ರಾಯೋಗಿಕ ತರಬೇತಿಯ ಶೇ. 100 ಪೂರೈಸಿರಬೇಕು. ಆದುದರಿಂದ ಜ್ವರಕ್ಕೆ ಮಲಗಿದ ದಿನಗಳೂ ಮುಂದೆ ಬಾಕಿಯಾಗಿ ನಿಲ್ಲುತ್ತವೆ. ಇದನ್ನು ಮೊದಲೇ ತಿಳಿದು ತನ್ನ ಹಾಜರಾತಿಯನ್ನು ತಾನೇ ಬರೆದಿಟ್ಟುಕೊಳ್ಳುವವರಿಗೆ ವರ್ಷಾಂತ್ಯದ ಆಘಾತ ತಪ್ಪುತ್ತದೆ. ಕೇಸ್ ಸ್ಟಡಿ, ಕೇರ್ ಪ್ಲಾನ್, ಹೆರಿಗೆ ದಾಖಲೆ ಪುಸ್ತಕಗಳ ವಿಷಯದಲ್ಲಿಯೂ ಇದೇ ಮಾತು. ರೋಗಿಯ ವಿವರವನ್ನು ಅದೇ ದಿನ ಅರ್ಧ ಪುಟದಲ್ಲಿ ಟಿಪ್ಪಣಿ ಮಾಡಿಕೊಂಡರೆ ಸಾಕು. ಮೂರು ತಿಂಗಳ ನಂತರ ಗೆಳತಿಯ ಪುಸ್ತಕ ನೋಡಿ ನಕಲು ಮಾಡುವ ರಾತ್ರಿಗಳು ತಪ್ಪುತ್ತವೆ.

ಇಂಗ್ಲಿಷಿನ ತೊಡಕಿಗೆ ವೈದ್ಯಕೀಯ ಪದಗಳ ಕಟ್ಟಡವನ್ನು ಕಲಿಯುವುದು ಉತ್ತಮ ಉಪಾಯ. ‘ಹೈಪರ್’ ಎಂದರೆ ಹೆಚ್ಚು, ‘ಹೈಪೋ’ ಎಂದರೆ ಕಡಿಮೆ, ‘ಟೆಕಿ’ ಎಂದರೆ ವೇಗ, ‘ಬ್ರಾಡಿ’ ಎಂದರೆ ನಿಧಾನ. ‘ಐಟಿಸ್’ ಎಂದು ಮುಗಿದರೆ ಉರಿಯೂತ, ‘ಎಕ್ಟಮಿ’ ಎಂದು ಮುಗಿದರೆ ಕತ್ತರಿಸಿ ತೆಗೆಯುವುದು. ಇಂತಹ ನೂರು ತುಣುಕುಗಳು ತಿಳಿದರೆ ಸಾವಿರಾರು ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ವಿಷಯವನ್ನು ಮೊದಲು ಕನ್ನಡದಲ್ಲಿ ಗೆಳತಿಗೆ ವಿವರಿಸಿ ನಂತರ ಇಂಗ್ಲಿಷಿನಲ್ಲಿ ಬರೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ಕನ್ನಡ ಬಲ್ಲ ವಿದ್ಯಾರ್ಥಿನಿ ಮತ್ತು ಇಂಗ್ಲಿಷ್ ಬಲ್ಲ ಹೊರರಾಜ್ಯದ ವಿದ್ಯಾರ್ಥಿನಿ ಒಂದೇ ವಾರ್ಡಿನಲ್ಲಿ ಜೋಡಿಯಾದರೆ ಇಬ್ಬರ ತೊಡಕೂ ಅರ್ಧವಾಗುತ್ತದೆ.

ಪ್ರತಿ ವಿಷಯದಲ್ಲಿ ಉತ್ತೀರ್ಣತೆಗೆ ಶೇ. 50 ಅಂಕ ಅಗತ್ಯ. ಒಂದು ವಿಷಯದಲ್ಲಿ ಅನುತ್ತೀರ್ಣರಾದವರು ಮತ್ತೆ ಬರೆಯಲು ಅವಕಾಶವಿದೆ. ಪೋಷಕರು ಇದನ್ನು ತಿಳಿದಿರುವುದು ವಿದ್ಯಾರ್ಥಿಗಳು ತಿಳಿದಿರುವುದಕ್ಕಿಂತಲೂ ಮುಖ್ಯ.

ಮನಸ್ಸನ್ನು ಶಾಂತಗೊಳಿಸುವ ವಿಧಾನಗಳು

ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳತೆಗೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಹೊರಬಿಡುವುದನ್ನು ಐದು ನಿಮಿಷ ಮಾಡಿದರೆ ಹೃದಯ ಬಡಿತ ಇಳಿಯುತ್ತದೆ. ಇದನ್ನು ಔಷಧ ಕೊಠಡಿಯ ಮೂಲೆಯಲ್ಲಿ ನಿಂತೂ ಮಾಡಬಹುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ರೂಪಿಸಿದ ಸ್ನಾಯು ಸಡಿಲಿಕೆಯ ವಿಧಾನದಲ್ಲಿ ಪಾದದಿಂದ ಹಣೆಯವರೆಗೆ ಒಂದೊಂದೇ ಸ್ನಾಯು ಗುಂಪನ್ನು ಕೆಲವು ಸೆಕೆಂಡು ಬಿಗಿಹಿಡಿದು ಸಡಿಲಿಸಲಾಗುತ್ತದೆ. ಪಾಳಿ ಮುಗಿದು ಮಲಗುವ ಮುನ್ನ ಇದು ಸಹಾಯಕ. ಯೋಗ, ನಡಿಗೆ, ಪ್ರಾರ್ಥನೆ, ಹಾಡು ಇವುಗಳಲ್ಲಿ ಯಾರಿಗೆ ಯಾವುದು ಒಗ್ಗುತ್ತದೆಯೋ ಅದು. ವಾರ್ಡಿನ ಅಲಮಾರಿನಲ್ಲಿ ಸಿಗುವ ನಿದ್ರೆ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಒಂದೇ ಒಂದು ದಿನಕ್ಕೂ ಬಳಸಬಾರದು. ಔಷಧದ ಬಗ್ಗೆ ತಿಳಿದವರಿಗೆ ಅದು ಸುಲಭವಾಗಿ ಕೈಗೆಟಕುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಒತ್ತಡವಲ್ಲ, ದೌರ್ಜನ್ಯ

ಮೇಲಿನ ಯಾವ ವಿಧಾನವೂ ಪರಿಹರಿಸಲಾರದ ಕೆಲವು ಸಂದರ್ಭಗಳಿವೆ. ಹಿರಿಯ ವಿದ್ಯಾರ್ಥಿಗಳ ರ‍್ಯಾಗಿಂಗ್, ಎಲ್ಲರೆದುರು ಜಾತಿ, ಬಣ್ಣ ಅಥವಾ ಊರನ್ನು ಹಿಡಿದು ಹೀಯಾಳಿಸುವುದು, ರೋಗಿ, ಬಂಧು ಅಥವಾ ಸಿಬ್ಬಂದಿಯಿಂದ ಅನುಚಿತ ಸ್ಪರ್ಶ ಇವುಗಳನ್ನು ಸಹಿಸಿಕೊಳ್ಳುವ ಶಕ್ತಿ ಬೆಳೆಸಿಕೊಳ್ಳುವಂತೆ ವಿದ್ಯಾರ್ಥಿನಿಗೆ ಉಪದೇಶಿಸುವುದು ತಪ್ಪು. ಕರ್ನಾಟಕ ಶಿಕ್ಷಣ ಅಧಿನಿಯಮ, 1983ರ ಅಡಿಯಲ್ಲಿ ರ‍್ಯಾಗಿಂಗ್ ನಿಷಿದ್ಧ ಮತ್ತು ಶಿಕ್ಷಾರ್ಹ. ರಾಷ್ಟ್ರೀಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1800-180-5522. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಅಧಿನಿಯಮ, 2013ರಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಆಸ್ಪತ್ರೆ ಮತ್ತು ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರತಕ್ಕದ್ದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬಹುದು. ದಿನಾಂಕ, ವೇಳೆ, ಸ್ಥಳ ಮತ್ತು ಅಲ್ಲಿದ್ದವರ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ತಜ್ಞರ ಸಹಾಯ ಯಾವಾಗ?

ಎರಡು ವಾರಗಳಿಗಿಂತ ಹೆಚ್ಚು ಕಾಲ ಬಹುತೇಕ ಪ್ರತಿದಿನ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವಿಕೆ, ನಿದ್ರಾಹೀನತೆ ಅಥವಾ ಅತಿನಿದ್ರೆ, ತಾನು ನಿಷ್ಪ್ರಯೋಜಕಿ ಎಂಬ ಭಾವನೆ ಇದ್ದಲ್ಲಿ ಅದು ಖಿನ್ನತೆ ಇರಬಹುದು. ಖಿನ್ನತೆಯು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ ಎಂಬುದನ್ನು ಮಾನಸಿಕ ಆರೋಗ್ಯ ಶುಶ್ರೂಷೆಯ ಪಠ್ಯದಲ್ಲಿ ಓದಿ ಉತ್ತರ ಬರೆದವರೇ ತಮ್ಮ ವಿಷಯದಲ್ಲಿ ಅದನ್ನು ಒಪ್ಪಲು ಹಿಂಜರಿಯುತ್ತಾರೆ. ‘ಹುಚ್ಚು’ ಎಂಬ ಹಣೆಪಟ್ಟಿಯ ಭಯ, ನೋಂದಣಿಗೆ ಅಡ್ಡಿಯಾದೀತೆಂಬ ಭಯ ಅವರನ್ನು ಕಾಡುತ್ತದೆ. ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರ ಪ್ರಕಾರ ಚಿಕಿತ್ಸೆಯ ವಿವರಗಳ ಗೋಪ್ಯತೆಯು ರೋಗಿಯ ಹಕ್ಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಚಿಕಿತ್ಸೆ ದೊರೆಯುತ್ತದೆ. ತಾನು ತರಬೇತಿ ಪಡೆಯುವ ಆಸ್ಪತ್ರೆಯಲ್ಲೇ ತೋರಿಸಲು ಸಂಕೋಚವಿದ್ದರೆ ಬೇರೆ ಆಸ್ಪತ್ರೆಗೆ ಹೋಗಬಹುದು.

ಸಹಪಾಠಿಯೊಬ್ಬಳು ಇದ್ದಕ್ಕಿದ್ದಂತೆ ಮಾತು ಕಡಿಮೆ ಮಾಡಿದರೆ, ತನ್ನ ವಸ್ತುಗಳನ್ನು ಹಂಚತೊಡಗಿದರೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ’ ಎಂಬಂತೆ ಮಾತನಾಡಿದರೆ ಅದನ್ನು ನಾಟಕವೆಂದು ಕಡೆಗಣಿಸಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಹೌದೆಂಬ ಉತ್ತರ ಬಂದಲ್ಲಿ ಆಕೆಯನ್ನು ಒಂಟಿಯಾಗಿ ಬಿಡದೆ, ಔಷಧಗಳು ಕೈಗೆ ಸಿಗದಂತೆ ನೋಡಿಕೊಂಡು, ವಾರ್ಡನ್ ಅಥವಾ ಬೋಧಕರಿಗೆ ತಿಳಿಸಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು. ‘ಯಾರಿಗೂ ಹೇಳಬೇಡ’ ಎಂದು ಆಕೆ ಆಣೆ ಹಾಕಿಸಿಕೊಂಡಿದ್ದರೂ ಈ ಒಂದು ವಿಷಯದಲ್ಲಿ ಆಣೆ ಮುರಿಯಬೇಕು.

ಮನೆಯವರು ದೂರವಾಣಿಯಲ್ಲಿ ‘ಅಂಕ ಎಷ್ಟು ಬಂತು’ ಎಂಬ ಪ್ರಶ್ನೆಗೆ ಮೊದಲು ‘ಊಟ ಆಯ್ತಾ, ನಿದ್ದೆ ಬಂತಾ’ ಎಂದು ಕೇಳುವುದು ಒಳಿತು. ‘ನಿನ್ನ ಫೀಸಿಗೆ ಜಮೀನು ಅಡವಿಟ್ಟಿದ್ದೇವೆ’ ಎಂಬ ಮಾತು ಸತ್ಯವೇ ಇರಬಹುದು. ಅದು ಆಕೆಗೆ ಈಗಾಗಲೇ ತಿಳಿದಿರುತ್ತದೆ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯು ದಿನದ 24 ಗಂಟೆಯೂ ಉಚಿತ ಸೇವೆ ನೀಡುತ್ತದೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ರಾಷ್ಟ್ರಮಟ್ಟದ ಸಮನ್ವಯ ಕೇಂದ್ರವಾಗಿದೆ. 14416 ಅಥವಾ 1800-891-4416 ಸಂಖ್ಯೆಗೆ ಕರೆ ಮಾಡಿ ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಆರಿಸಿದರೆ ಮೊದಲು ಆಪ್ತ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವೆನಿಸಿದಲ್ಲಿ ಮಾನಸಿಕ ಆರೋಗ್ಯ ತಜ್ಞರಿಗೆ ಕರೆಯನ್ನು ವರ್ಗಾಯಿಸುತ್ತಾರೆ. ರಾತ್ರಿ ಪಾಳಿಯ ನಡುವೆ, ನಸುಕಿನ ನಾಲ್ಕು ಗಂಟೆಗೂ ಈ ಸಂಖ್ಯೆಗೆ ಕರೆ ಮಾಡಬಹುದು.